ಕೋಚಿಂಗಿಗೆ ಮುಂಚೆ ಕೊಟ್ಟಿಗೆ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಂಸ್ಥೆಯ ಕಾರ್ಯಕರ್ತೆಯರ ತಂಡದ ಪರವಾಗಿ ಆಡಿದ ಮಾತುಗಳ ಬರಹ ರೂಪ)

ದೂರದ ಊರುಗಳಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ, ಹಾಲು ಕರೆದು, ಡೈರಿಗೆ ಹಾಕಿ, ಮನೆಯವರಿಗೆ ತಿಂಡಿ ಮಾಡಿಟ್ಟು ಬಂದಿದ್ದೀರಿ. ಪಿಯುಸಿ ಓದುತ್ತಿರುವ ಮಕ್ಕಳನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿದ್ದೆವು. ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಸಂತೋಷ. ಇವತ್ತು ಉಳಿತಾಯದ ಪುಸ್ತಕ, ಸಾಲದ ಕಂತು, ಬ್ಯಾಂಕ್ ಜೋಡಣೆ ಯಾವುದನ್ನೂ ಮಾತಾಡುವುದಿಲ್ಲ. ಮಾತೆಲ್ಲ ನಮ್ಮ ನಿಮ್ಮ ಕೊಟ್ಟಿಗೆಯದ್ದು. ದನದ ಡಾಕ್ಟರ್ ಆಗಬೇಕು ಅನ್ನುವ ಮಕ್ಕಳು ಕಾಲೇಜಿಗೆ ಅರ್ಜಿ ಹಾಕುವುದಕ್ಕೆ ಮೊದಲು ದನಕರುಗಳ ಜೊತೆ ಒಂದಷ್ಟು ಕಾಲ ಕೆಲಸ ಮಾಡಿ ಕಲಿಯಬೇಕು ಅನ್ನುವುದು ನಮ್ಮ ವಿಷಯ.

ಈ ವಿಷಯ ಯಾಕೆ ಬಂತು ಅಂದರೆ, ನಮ್ಮ ಒಂದು ಸಂಘದಲ್ಲಿ ಒಬ್ಬ ಸದಸ್ಯೆ ಆಂತರಿಕ ಸಾಲಕ್ಕೆ ಅರ್ಜಿ ಕೊಟ್ಟಿದ್ದರು. ಉದ್ದೇಶ ಅನ್ನುವ ಕಡೆ "ಮಗಳ ಕೋಚಿಂಗ್" ಅಂತ ಬರೆಸಿದ್ದರು. ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆ, ವೆಟರ್ನರಿ ಮಾಡಬೇಕಂತೆ, ಪೇಟೆಯಲ್ಲಿ ಸಿಇಟಿ ಕೋಚಿಂಗ್‌ಗೆ ಸೇರಿಸಬೇಕಂತೆ. ಸಂಘದವರು ಒಂದೇ ಮಾತಿಗೆ ಸಾಲ ಮಂಜೂರು ಮಾಡಿದರು. ಹೆಣ್ಣು ಮಗು ಓದುತ್ತೇನೆ ಅಂದಾಗ ಬೇಡ ಅನ್ನುವ ಸಂಘ ನಮ್ಮಲ್ಲಿ ಇಲ್ಲ, ಅದು ನಮಗೆ ಹೆಮ್ಮೆಯ ವಿಷಯವೇ. ಹುಡುಗಿಯೂ ಚೆನ್ನಾಗಿ ಓದಿದಳು. ರೈತರ ಮಕ್ಕಳಿಗಿರುವ ಕೋಟಾದಲ್ಲೂ ಅರ್ಜಿ ಹಾಕಿದಳು. ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅಲ್ಲಿ ಹೋಗಿ ಬಂದವಳು ಅಮ್ಮನ ಹತ್ತಿರ ಅತ್ತುಕೊಂಡು ಹೇಳಿದ್ದು ಇಷ್ಟು: "ಅಮ್ಮ, ಅಲ್ಲಿ ಕೇಳಿದ್ದರಲ್ಲಿ ಅರ್ಧಕ್ಕರ್ಧ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ನನಗೆ ಹೆಸರೇ ಗೊತ್ತಿರಲಿಲ್ಲ."

ಆ ಮನೆಯಲ್ಲಿ ಎರಡು ಹಸು, ಒಂದು ಎಮ್ಮೆ, ನಾಲ್ಕು ಆಡು ಇವೆ. ಆ ತಾಯಿ ಇಪ್ಪತ್ತು ವರ್ಷದಿಂದ ಹಾಲು ಕರೆಯುತ್ತಿದ್ದಾರೆ. ಆದರೆ ಮಗಳನ್ನು ಒಂದು ದಿನವೂ ಕೊಟ್ಟಿಗೆ ಒಳಗೆ ಬಿಟ್ಟವರಲ್ಲ. "ನೀನು ಸಗಣಿ ಮುಟ್ಟಬೇಡ, ಓದ್ಕೋ ಹೋಗು" ಅಂತಲೇ ಬೆಳೆಸಿದ್ದು. ಅವರದ್ದು ತಪ್ಪಾ? ನಾವು ಹಾಗೆ ಹೇಳುವ ಹಾಗಿಲ್ಲ. ಯಾಕೆಂದರೆ ಹಾಗೆ ಹೇಳಿಕೊಟ್ಟವರು ನಾವೇ. ಹಳೆಯ ಸದಸ್ಯೆಯರಿಗೆ ನೆನಪಿರಬಹುದು, ನಾವು ಊರೂರಿಗೆ ಬಂದು ಸಂಘ ಕಟ್ಟುತ್ತಿದ್ದ ಕಾಲದಲ್ಲಿ ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆವು: ಹೆಣ್ಣು ಮಕ್ಕಳನ್ನು ದನ ಕಾಯಲು ಕಳಿಸಬೇಡಿ, ಸಗಣಿ ಬಾಚಲು ನಿಲ್ಲಿಸಬೇಡಿ, ಶಾಲೆಗೆ ಕಳಿಸಿ. ಆಗ ಅದು ಬೇಕಾಗಿತ್ತು. ದನ ಕಾಯುವ ಸಲುವಾಗಿ ಶಾಲೆ ಬಿಟ್ಟ ಹುಡುಗಿಯರು ಊರಿಗೆ ನಾಲ್ಕೈದು ಜನ ಇರುತ್ತಿದ್ದರು. ಆದರೆ ನಮ್ಮ ಮಾತಿನ ಜೊತೆಗೆ ನಮಗೇ ಗೊತ್ತಿಲ್ಲದ ಹಾಗೆ ಇನ್ನೊಂದು ಮಾತೂ ಮನೆ ಒಳಗೆ ಹೋಯಿತು. ಕೊಟ್ಟಿಗೆ ಕೆಲಸ ಅಂದರೆ ಓದು ಬಾರದವರ ಕೆಲಸ, ಅಲ್ಲಿ ತಿಳಿಯಬೇಕಾದ್ದು ಏನೂ ಇಲ್ಲ ಅಂತ. ಇದನ್ನು ನಾವು ಇವತ್ತು ತಿದ್ದಿಕೊಳ್ಳಬೇಕಾಗಿದೆ.

ದುಡಿಸುವುದು ಬೇರೆ, ಕಲಿಸುವುದು ಬೇರೆ. ಶಾಲೆ ತಪ್ಪಿಸಿ ಮಗುವನ್ನು ದನದ ಹಿಂದೆ ಕಳಿಸಿದರೆ ಅದು ದುಡಿಮೆ. ದಿನಕ್ಕೆ ಒಂದು ಗಂಟೆ, ರಜೆಯಲ್ಲಿ ಎರಡು ಗಂಟೆ, ತಾಯಿ ಪಕ್ಕದಲ್ಲಿ ನಿಂತು "ಇದು ಯಾಕೆ ಹೀಗೆ ಗೊತ್ತಾ" ಅಂತ ಹೇಳಿಕೊಡುತ್ತಾ ಮಾಡಿಸಿದರೆ ಅದು ಪಾಠ. ಮಗಳಿಗೆ ಮಾತ್ರ ಅಲ್ಲ, ಮಗನಿಗೂ. ಅವನೂ ಸಗಣಿ ಬಾಚಲಿ, ಕೈ ಸವೆಯುವುದಿಲ್ಲ.

ಮೊದಲು ಈ ಓದು ಎಂಥದ್ದು ಅಂತ ಸ್ವಲ್ಪ ಹೇಳಿಬಿಡುತ್ತೇವೆ. ಪದವಿಯ ಹೆಸರು ಬಿ.ವಿ.ಎಸ್ಸಿ. ಅಂಡ್ ಎ.ಎಚ್., ಅಂದರೆ ಪಶುವೈದ್ಯಕೀಯ ಮತ್ತು ಪಶುಸಂಗೋಪನೆ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯ ಬೀದರಿನಲ್ಲಿದೆ. ಅದರ ಕೆಳಗೆ ಬೀದರ್, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗ, ಅಥಣಿ ಈ ಊರುಗಳಲ್ಲಿ ಕಾಲೇಜುಗಳಿವೆ. ಹೆಬ್ಬಾಳದ್ದು ಹಳೆಯದು, 1958ರಲ್ಲಿ ಶುರುವಾದದ್ದು. ರಾಜ್ಯದ ಸೀಟುಗಳು ಸಿಇಟಿ ಮೂಲಕ ಸಿಗುತ್ತವೆ, ಇನ್ನು ಶೇಕಡಾ 15ರಷ್ಟು ಅಖಿಲ ಭಾರತ ಕೋಟಾದ ಸೀಟುಗಳಿಗೆ ನೀಟ್ ಬರೆಯಬೇಕು. ರೈತರ ಮಕ್ಕಳ ಕೋಟಾ ಬೇಕು ಅನ್ನುವವರು ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ಕೇಳಿಕೊಂಡಿರಬೇಕು, ತಹಸೀಲ್ದಾರರ ಕಚೇರಿಯ ಪ್ರಮಾಣಪತ್ರಗಳನ್ನು ಹೊಂದಿಸಿಟ್ಟಿರಬೇಕು, ಪ್ರಾಯೋಗಿಕ ಪರೀಕ್ಷೆಗೆ ಹೋಗಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುತ್ತವೆ. ಆದ್ದರಿಂದ ಆ ವರ್ಷದ ಪರೀಕ್ಷಾ ಪ್ರಾಧಿಕಾರದ ಸೂಚನೆಯನ್ನೇ ಓದಿ, ಪಕ್ಕದ ಮನೆಯವರು ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ. ಓದಲು ಕಷ್ಟವಾದರೆ ಕಾಗದ ತೆಗೆದುಕೊಂಡು ನಮ್ಮ ಕಚೇರಿಗೆ ಬನ್ನಿ, ಕೂತು ಓದೋಣ.

ಪರೀಕ್ಷೆಗೋಸ್ಕರ ಮಾತ್ರ ಕೊಟ್ಟಿಗೆಗೆ ಹೋಗಿ ಅಂತ ನಾವು ಹೇಳುತ್ತಿಲ್ಲ. ಹಾಗೆ ಮಾಡಿದರೆ ಅದೂ ಒಂದು ಬಾಯಿಪಾಠವೇ. ಬ್ರಿಟನ್ ದೇಶದಲ್ಲಿ ಬಹಳಷ್ಟು ಪಶುವೈದ್ಯ ಕಾಲೇಜುಗಳು ಅರ್ಜಿ ಹಾಕುವ ಮಕ್ಕಳಿಗೆ, ನೀನು ಎಷ್ಟು ವಾರ ಡೈರಿಯಲ್ಲಿ, ಕುರಿ ಫಾರಂನಲ್ಲಿ, ಪ್ರಾಣಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೀಯ ಅಂತ ಕೇಳುತ್ತವೆ. ಅಲ್ಲಿನ ಪೇಟೆ ಮಕ್ಕಳು ರಜೆಯಲ್ಲಿ ಊರೂರು ಅಲೆದು, ರೈತರನ್ನು ಬೇಡಿಕೊಂಡು, ಕುರಿ ಮರಿ ಹಾಕುವ ಕಾಲದಲ್ಲಿ ರಾತ್ರಿಯೆಲ್ಲಾ ಎದ್ದಿದ್ದು ಆ ಅನುಭವ ಗಳಿಸುತ್ತಾರೆ. ಅವರು ಹುಡುಕಿಕೊಂಡು ಹೋಗುವುದು ನಮ್ಮ ಮಕ್ಕಳಿಗೆ ಹಿತ್ತಲ ಬಾಗಿಲು ತೆರೆದರೆ ಸಿಗುತ್ತದೆ. ನಾವು ಆ ಬಾಗಿಲಿಗೆ ಚಿಲಕ ಹಾಕಿದ್ದೇವೆ.

ಅವರು ಯಾಕೆ ಕೇಳುತ್ತಾರೆ? ಈ ಕೆಲಸ ಹೊರಗಿನಿಂದ ಕಾಣುವ ಹಾಗಿಲ್ಲ. "ನನಗೆ ಪ್ರಾಣಿ ಅಂದ್ರೆ ಇಷ್ಟ ಮೇಡಂ" ಅಂತ ಬಹಳ ಮಕ್ಕಳು ಹೇಳುತ್ತಾರೆ. ನಾಯಿಮರಿ ಎತ್ತಿಕೊಂಡು ಮುದ್ದಾಡುವುದು ಇಷ್ಟವೇ. ಆದರೆ ರಾತ್ರಿ ಎರಡು ಗಂಟೆಗೆ ಕರು ಅಡ್ಡ ಸಿಕ್ಕಿಕೊಂಡು ಹಸು ಒದ್ದಾಡುವಾಗ ಭುಜದ ತನಕ ಕೈ ಹಾಕಬೇಕು. ಕಸ ಬೀಳದೆ ಮೂರು ದಿನ ಆಗಿ ಕೊಟ್ಟಿಗೆಯೆಲ್ಲಾ ನಾರುವಾಗ ಅಲ್ಲೇ ನಿಂತು ಔಷಧಿ ಮಾಡಬೇಕು. ಉಳಿಯುವುದಿಲ್ಲ ಅಂತ ಗೊತ್ತಿರುವ ಎತ್ತಿನ ಮುಂದೆ ಯಜಮಾನ ಅಳುತ್ತಿರುವಾಗ ಅವನಿಗೆ ನಿಜ ಹೇಳಬೇಕು. ಇದನ್ನೆಲ್ಲಾ ನೋಡದೆ ಐದೂವರೆ ವರ್ಷದ ಓದಿಗೆ ಹೊರಟ ಮಗು ಮಧ್ಯದಲ್ಲಿ ಕಂಗಾಲಾದರೆ ಆ ಖರ್ಚು, ಆ ವರ್ಷಗಳು, ಆ ಸಾಲ ಯಾರ ತಲೆ ಮೇಲೆ ಬರುತ್ತದೆ, ನಿಮಗೇ ಗೊತ್ತು.

ನಮ್ಮ ಇನ್ನೊಂದು ಸಂಘದ ಹುಡುಗಿ, ಎಸ್ಸೆಸ್ಸೆಲ್ಸಿ ಮುಗಿಸಿದ ರಜೆಯಲ್ಲಿ ಊರಿನ ಪಶು ಚಿಕಿತ್ಸಾಲಯದ ಡಾಕ್ಟರ ಜೊತೆ ಲಸಿಕೆ ಹಾಕುವ ದಿನಗಳಲ್ಲಿ ಓಡಾಡಿದಳು. ಹೆಸರು ಬರೆದುಕೊಳ್ಳುವುದು, ಕಿವಿಯ ಓಲೆಯ ನಂಬರ್ ಓದಿ ಹೇಳುವುದು, ಐಸ್ ಪೆಟ್ಟಿಗೆ ಹಿಡಿದುಕೊಳ್ಳುವುದು ಅವಳ ಕೆಲಸ. ಹದಿನೈದು ದಿನ ಆದ ಮೇಲೆ ಅವಳೇ ಬಂದು ಹೇಳಿದಳು: "ಅಕ್ಕ, ನನಗೆ ಇದು ಆಗಲ್ಲ. ದನ ಕಟ್ಟಿ ಹಾಕಿ ಸೂಜಿ ಚುಚ್ಚುವಾಗ ನನ್ನ ಕೈಕಾಲು ನಡುಗುತ್ತೆ. ಆದರೆ ಡಾಕ್ಟ್ರು ಸೂಕ್ಷ್ಮದರ್ಶಕದಲ್ಲಿ ರಕ್ತ ತೋರಿಸಿದ್ರಲ್ಲ, ಅದು ಬಹಳ ಇಷ್ಟ ಆಯ್ತು." ಈಗ ಅವಳು ಲ್ಯಾಬ್ ಟೆಕ್ನಿಷಿಯನ್ ಓದುತ್ತಿದ್ದಾಳೆ. ಮನೆಯವರಿಗೆ ಒಂದು ರೂಪಾಯಿ ಸಾಲ ಆಗದೆ, ಒಂದು ವರ್ಷ ಹಾಳಾಗದೆ ಅವಳ ದಾರಿ ತೀರ್ಮಾನವಾಯಿತು. ಇದನ್ನು ಸೋಲು ಅಂತ ಯಾರೂ ಲೆಕ್ಕ ಹಾಕಬೇಡಿ.

ಹಾಗಾದರೆ ಮನೆಯಲ್ಲಿ ಏನು ಕಲಿಸುವುದು? ಸಹೋದರಿಯರೇ, ಇಲ್ಲಿ ನಾವು ನಿಮಗೆ ಹೇಳಿಕೊಡುವುದಕ್ಕಿಂತ ನೀವು ನಮಗೆ ಹೇಳಿಕೊಡುವುದೇ ಜಾಸ್ತಿ. ಹಸು ಬೆದೆಗೆ ಬಂದದ್ದು ನಿಮಗೆ ಹೇಗೆ ಗೊತ್ತಾಗುತ್ತದೆ? ಅದು ಕೂಗುವುದು, ಹಾಲು ಇಳಿಯುವುದು, ಲೋಳೆ ಸುರಿಯುವುದು, ಬೇರೆ ದನ ಮೇಲೆ ಹಾರಿದರೂ ಸುಮ್ಮನೆ ನಿಲ್ಲುವುದು. ಇದನ್ನು ನೀವು ಯಾವ ಪುಸ್ತಕದಲ್ಲೂ ಓದಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಬೇಕು ಅಂತ ಡಾಕ್ಟರು ಹೇಳುವುದನ್ನು ನೀವು ಎಷ್ಟೋ ವರ್ಷದಿಂದ ಮಾಡುತ್ತಿದ್ದೀರಿ. ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬರುತ್ತದೆ ಅನ್ನುವುದೂ ಗೊತ್ತು. ಹಸು ಒಂಬತ್ತು ತಿಂಗಳು ಚಿಲ್ಲರೆ ದಿನ, ಎಮ್ಮೆ ಹತ್ತು ತಿಂಗಳ ಮೇಲೆ, ಆಡು ಐದು ತಿಂಗಳು ಹೊರುತ್ತದೆ ಅನ್ನುವುದು ನಿಮಗೆ ಬೆರಳ ಎಣಿಕೆ. ಇದನ್ನು ಮಗಳಿಗೆ ಹೇಳಿದ್ದೀರಾ? ಹೇಳಿಲ್ಲ. ಅವಳು ಅದನ್ನೇ ಕೋಚಿಂಗಿನಲ್ಲಿ ದುಡ್ಡು ಕೊಟ್ಟು ಬರೆದುಕೊಂಡು ಬರುತ್ತಿದ್ದಾಳೆ.

ನಮ್ಮ ತಂಡದಲ್ಲಿ ಕೂತು ಯೋಚನೆ ಮಾಡಿದಾಗ ಒಂದು ಉಪಾಯ ಹೊಳೆಯಿತು. ಮಗಳಿಗೆ ಒಂದು ಇನ್ನೂರು ಪುಟದ ನೋಟ್ ಪುಸ್ತಕ ಕೊಡಿಸಿ. ಪುಟಕ್ಕೆ ನಡುವೆ ಗೆರೆ ಎಳೆಯಲಿ. ಎಡಗಡೆ ಅಮ್ಮ, ಅಜ್ಜಿ ಹೇಳುವ ಮಾತು. ಬಲಗಡೆ ಡಾಕ್ಟರು ಹೇಳುವ ಮಾತು, ಇಂಗ್ಲಿಷಿನ ಹೆಸರೂ ಅಲ್ಲೇ. ಗಿಣ್ಣು ಅಂದರೆ ಕೊಲಸ್ಟ್ರಮ್. ಮೆಲುಕು ಅಂದರೆ ರೂಮಿನೇಷನ್. ಕೆಚ್ಚಲು ಬಾವು ಅಂದರೆ ಮಾಸ್ಟೈಟಿಸ್. ಕಂದು ಹಾಕುವುದು ಅಂದರೆ ಅಬಾರ್ಷನ್. ಆ ಕಾಲೇಜಿನ ಪಾಠವೆಲ್ಲಾ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಿಂದ ಹೋಗುವ ಮಕ್ಕಳು ಮೊದಲ ವರ್ಷ ಹೆದರುವುದು ಅದಕ್ಕೇ. ಕಣ್ಣಾರೆ ಕಂಡ ವಸ್ತುವಿಗೆ ಹೊಸ ಹೆಸರು ಕಲಿಯುವುದು ಸುಲಭ. ವಸ್ತುವನ್ನೇ ನೋಡದವರಿಗೆ ಹೆಸರು ಗಾಳಿಯಲ್ಲಿ ನಿಲ್ಲುತ್ತದೆ.

ಎಡಗಡೆಯದ್ದೂ ಬಲಗಡೆಯದ್ದೂ ಕೆಲವು ಕಡೆ ತಾಳೆಯಾಗುವುದಿಲ್ಲ. ಅಲ್ಲಿ ಮಗಳು ಗಮನ ಕೊಡಬೇಕು. ಒಂದು ಉದಾಹರಣೆ: ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಸು ಈದ ಮೇಲೆ ಕಸ ಬೀಳುವ ತನಕ ಕರುವಿಗೆ ಗಿಣ್ಣು ಕುಡಿಸುವುದಿಲ್ಲ. ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಆದರೆ ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಅದು ಗಿಣ್ಣಿನಿಂದಲೇ ಬರಬೇಕು. ಹೊತ್ತು ಕಳೆದ ಹಾಗೆ ಕರುವಿನ ಕರುಳು ಅದನ್ನು ಹೀರಿಕೊಳ್ಳುವುದು ಕಮ್ಮಿಯಾಗುತ್ತಾ ಹೋಗುತ್ತದೆ, ಒಂದು ದಿನ ಕಳೆಯಿತು ಅಂದರೆ ಹೆಚ್ಚು ಕಮ್ಮಿ ನಿಂತೇ ಹೋಗುತ್ತದೆ. ಆದ್ದರಿಂದ ಮೊದಲ ಒಂದೆರಡು ಗಂಟೆ ಒಳಗೆ ಕುಡಿಸಲೇಬೇಕು. ಮೊದಲ ದಿನ ಒಟ್ಟು ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರು. ಕರು ಕುಡಿದರೆ ಕಸ ಬೀಳುವುದಕ್ಕೂ ಸಹಾಯವೇ ಆಗುತ್ತದೆ, ತೊಂದರೆ ಇಲ್ಲ. ಒಬ್ಬ ಹುಡುಗಿ ಇದನ್ನು ಡಾಕ್ಟರಿಂದ ಕೇಳಿ ಮನೆಗೆ ಹೋಗಿ ಅಜ್ಜಿಯ ಹತ್ತಿರ ವಾದ ಮಾಡಿ ಕರುವಿಗೆ ಕುಡಿಸಿದಳಂತೆ. ಅಜ್ಜಿ ಒಂದು ವಾರ ಮಾತು ಬಿಟ್ಟಿದ್ದರಂತೆ. ಕರು ಚೆನ್ನಾಗಿದೆ, ಅಜ್ಜಿಯೂ ಈಗ ಮಾತಾಡುತ್ತಾರೆ.

ಇನ್ನು ನೋಡಿ ಬರೆಯುವ ಅಭ್ಯಾಸ. ಒಂದೇ ಹಸುವನ್ನು ಒಂದು ತಿಂಗಳು ದಿನಾ ನೋಡಲಿ. ಎಷ್ಟು ಮೇವು ತಿಂತು, ಹಿಂಡಿ ಬೂಸಾ ಎಷ್ಟು, ನೀರು ಎಷ್ಟು ಬಕೆಟ್, ಹಾಲು ಎಷ್ಟು, ಸಗಣಿ ತೆಳುವೋ ಗಟ್ಟಿಯೋ, ಮಲಗಿ ಮೆಲುಕು ಹಾಕಿತೋ ಇಲ್ಲವೋ. ಮೂಗಿನ ತುದಿ ಒದ್ದೆ ಇದೆಯೋ ಒಣಗಿದೆಯೋ. ಸುಮ್ಮನೆ ನಿಂತಿರುವ ಹಸುವಿನ ಪಕ್ಕೆ ನಿಮಿಷಕ್ಕೆ ಎಷ್ಟು ಸಲ ಏರಿ ಇಳಿಯಿತು ಅಂತ ಗಡಿಯಾರ ಹಿಡಿದು ಎಣಿಸಲಿ. ಡಾಕ್ಟರು ಬಂದಾಗ ಜ್ವರ ನೋಡುವುದನ್ನು ಗಮನಿಸಲಿ. ಹಸುವಿಗೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಅದು ಜ್ವರ ಅಲ್ಲ, ನಮಗೆ ಮಾತ್ರ ಅದು ಜ್ವರ. ಆರೋಗ್ಯವಾಗಿರುವ ಹಸು ಹೇಗಿರುತ್ತದೆ ಅಂತ ಒಂದು ತಿಂಗಳು ನೋಡಿದವರಿಗೆ ಮಾತ್ರ ಅದು ಹುಷಾರು ತಪ್ಪಿದ್ದು ಮೊದಲ ದಿನವೇ ಗೊತ್ತಾಗುತ್ತದೆ. ಮೇವಿನ ಹೆಸರುಗಳನ್ನೂ ಕಲಿಯಲಿ: ನೇಪಿಯರ್, ಗಿನಿ ಹುಲ್ಲು, ಕುದುರೆ ಮಸಾಲೆ, ಅಲಸಂದೆ. ಯಾವುದು ಹುಲ್ಲಿನ ಜಾತಿ, ಯಾವುದು ದ್ವಿದಳ ಅಂತ ಬೇರೆ ಮಾಡಲಿ. ನಮ್ಮ ರಾಜ್ಯದ ತಳಿಗಳನ್ನು ತಿಳಿಯಲಿ. ದನಗಳಲ್ಲಿ ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ಕಣಿವೆ, ದೇವಣಿ, ನಮ್ಮ ಮಲೆನಾಡು ಗಿಡ್ಡ. ಕುರಿಯಲ್ಲಿ ಬನ್ನೂರು, ಕೆಂಗುರಿ, ಡೆಕ್ಕನಿ. ಮಲೆನಾಡು ಗಿಡ್ಡವನ್ನು ಇಲ್ಲಿನವರು "ಅದು ನಾಟಿ ದನ, ಅದರಲ್ಲಿ ಏನಿದೆ" ಅಂತಾರೆ. ರಾಷ್ಟ್ರ ಮಟ್ಟದಲ್ಲಿ ತಳಿ ಅಂತ ನೋಂದಣಿಯಾದ ದನ ಅದು. ಹಿತ್ತಲಲ್ಲಿ ಕಟ್ಟಿರುವುದರ ಹೆಸರನ್ನು ಪುಸ್ತಕದಲ್ಲಿ ಕಂಡಾಗ ಮಗುವಿಗೆ ಆಗುವ ಖುಷಿಯನ್ನು ನಾವು ನೋಡಿದ್ದೇವೆ.

ಮನೆಯಲ್ಲಿ ದನ ಇಲ್ಲದವರು ಏನು ಮಾಡಬೇಕು? ನಮ್ಮ ಸದಸ್ಯೆಯರಲ್ಲಿ ಭೂಮಿಯೂ ಇಲ್ಲದ, ದನವೂ ಇಲ್ಲದ, ತೋಟದ ಕೂಲಿಗೆ ಹೋಗುವ ತಾಯಂದಿರಿದ್ದಾರೆ. ಅವರ ಮಕ್ಕಳಿಗೆ ಸಂಘವೇ ಕೊಟ್ಟಿಗೆ ಆಗಬೇಕು. ಹತ್ತು ಹದಿನೈದು ಜನರ ಸಂಘದಲ್ಲಿ ಐದಾರು ಮನೆಯಲ್ಲಾದರೂ ಹಸು, ಆಡು, ಹಂದಿ, ಕೋಳಿ ಇದ್ದೇ ಇರುತ್ತವೆ. "ನಿನ್ನ ಮಗಳು ಭಾನುವಾರ ನಮ್ಮ ಮನೆಗೆ ಬರಲಿ" ಅಂತ ಒಬ್ಬರು ಹೇಳಿದರೆ ಸಾಕು. ಒಂದು ಮನೆಯಲ್ಲಿ ಹಸು, ಇನ್ನೊಂದು ಮನೆಯಲ್ಲಿ ಆಡು ನೋಡಲಿ. ಹಂದಿ ಸಾಕುವ ಮನೆಗೆ ಕಳಿಸಲು ಕೆಲವರು ಮುಖ ಸಿಂಡರಿಸುತ್ತಾರೆ, ಅದು ನಮಗೆ ಗೊತ್ತಿದೆ. ಆದರೆ ಪಶುವೈದ್ಯರಿಗೆ ಹಂದಿ ಬೇಡ, ಹಸು ಮಾತ್ರ ಸಾಕು ಅನ್ನುವ ಹಾಗಿಲ್ಲ. ಹಂದಿ ಸಾಕುವ ಅಕ್ಕನಿಗೆ ಅದು 114 ದಿನಕ್ಕೆ ಮರಿ ಹಾಕುತ್ತದೆ ಅಂತ ಲೆಕ್ಕ ಇಟ್ಟು ಗೊತ್ತು. ಅವರ ಹತ್ತಿರ ಕಲಿಯುವುದರಲ್ಲಿ ಜಾತಿ ಧರ್ಮ ತರಬೇಡಿ.

ಊರಿನ ಪಶು ಚಿಕಿತ್ಸಾಲಯಕ್ಕೆ ಹೋಗುವಾಗ ಮಗು ಒಬ್ಬಳೇ ಹೋಗಿ ಬಾಗಿಲಲ್ಲಿ ನಿಲ್ಲುವುದು ಬೇಡ. ತಾಯಿಯೋ ಸಂಘದ ಪ್ರತಿನಿಧಿಯೋ ಜೊತೆಗೆ ಹೋಗಿ, "ಡಾಕ್ಟ್ರೇ, ನಮ್ಮ ಹುಡುಗಿ ಈ ಓದಿಗೆ ಹೋಗಬೇಕು ಅಂತಾಳೆ, ವಾರಕ್ಕೆ ಒಂದು ದಿನ ನಿಂತು ನೋಡಲಿಕ್ಕೆ ಅವಕಾಶ ಕೊಡ್ತೀರಾ" ಅಂತ ಕೇಳಿ. ಬೇಕಿದ್ದರೆ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆದು ಕೊಡೋಣ. ಕೆಲವರು ಒಪ್ಪುತ್ತಾರೆ, ಕೆಲವರಿಗೆ ಪುರುಸೊತ್ತು ಇರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಲಸಿಕೆ ಶಿಬಿರದ ದಿನ ಮತ್ತೆ ಕೇಳಿ, ಅವತ್ತು ಅವರಿಗೂ ಬರೆದುಕೊಳ್ಳುವ ಕೈ ಬೇಕಾಗಿರುತ್ತದೆ. 2019ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುತ್ತಾರೆ. ಸಂಜೀವಿನಿ ಒಕ್ಕೂಟಗಳಲ್ಲಿ ತರಬೇತಿ ಪಡೆದ ಪಶು ಸಖಿಯರಿದ್ದಾರೆ, ಅವರೂ ನಿಮ್ಮ ಹಾಗೆ ಸ್ವ-ಸಹಾಯ ಸಂಘದ ಹೆಂಗಸರೇ. ಮಕ್ಕಳನ್ನು ಅವರ ಜೊತೆ ನಾಲ್ಕು ಮನೆಗೆ ಕಳಿಸಿದರೆ ತುಂಬಾ ಕಲಿಯುತ್ತಾರೆ. 1962ಕ್ಕೆ ಫೋನ್ ಮಾಡಿದಾಗ ಬರುವ ಸಂಚಾರಿ ಚಿಕಿತ್ಸಾ ವಾಹನ ನಿಮ್ಮ ಮನೆಗೇ ಬಂದರೆ ಮಗಳನ್ನು ಒಳಗೆ ಕೂರಿಸಬೇಡಿ, ಹಗ್ಗ ಹಿಡಿಯಲು ಕರೆಯಿರಿ.

ಈಗ ಎಚ್ಚರಿಕೆಯ ಮಾತು. ಇದನ್ನು ಮಾತ್ರ ಮಕ್ಕಳು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ನೋಡುವುದು, ಹಿಡಿಯುವುದು, ಬರೆಯುವುದು ನಿಮ್ಮ ಕೆಲಸ. ಇಂಜೆಕ್ಷನ್ ಕೊಡುವುದು, ಔಷಧಿ ಬರೆಯುವುದು ನಿಮ್ಮ ಕೆಲಸ ಅಲ್ಲ. ನೋಂದಣಿಯಾದ ಪಶುವೈದ್ಯರು ಮಾತ್ರ ಚಿಕಿತ್ಸೆ ಕೊಡಬೇಕು ಅಂತ 1984ರ ಕಾನೂನೇ ಇದೆ. ನಾಲ್ಕು ದಿನ ಡಾಕ್ಟರ ಹಿಂದೆ ಓಡಾಡಿ ಐದನೇ ದಿನ ಸಿರಿಂಜು ಹಿಡಿಯುವುದು ಬೇಡ. ಕಂದು ಹಾಕಿದ ಹಸುವಿನ ಕಸ, ಸತ್ತು ಹುಟ್ಟಿದ ಕರು ಇವನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಬ್ರೂಸೆಲ್ಲಾ ಅನ್ನುವ ರೋಗ ಹಾಗೆಯೇ ಮನುಷ್ಯರಿಗೆ ಬರುತ್ತದೆ. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಹಸಿ ಹಾಲಿನಿಂದಲೂ ಬರುತ್ತದೆ, ಕಾಯಿಸಿಯೇ ಕುಡಿಯಿರಿ. ಆ ರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಒಂದೇ ಸಲ ಹಾಕುವ ಲಸಿಕೆ ಇದೆ, ಆ ಲಸಿಕೆಯ ಬಾಟಲಿಯನ್ನೂ ಮಕ್ಕಳು ಮುಟ್ಟಬಾರದು, ಅದು ಜೀವಂತ ಲಸಿಕೆ. ಇದ್ದಕ್ಕಿದ್ದ ಹಾಗೆ ಸತ್ತು ಮೂಗು ಬಾಯಿಂದ ಕಪ್ಪು ರಕ್ತ ಬಂದ ದನವನ್ನು ಕೊಯ್ಯಬಾರದು, ಹತ್ತಿರ ಹೋಗಬಾರದು, ಡಾಕ್ಟರಿಗೆ ಹೇಳಬೇಕು. ಅದು ನೆರಡಿ ರೋಗ ಇರಬಹುದು. ಹುಚ್ಚು ನಾಯಿ ಕಚ್ಚಿದ ಹಸು ಬಾಯಲ್ಲಿ ಜೊಲ್ಲು ಸುರಿಸುತ್ತಿದ್ದರೆ "ಗಂಟಲಲ್ಲಿ ಏನೋ ಸಿಕ್ಕಿದೆ" ಅಂತ ಕೈ ಹಾಕಲು ಹೋಗಬೇಡಿ. ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಕಾಲು ಗಂಟೆ ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಇನ್ನು ನಮ್ಮ ಮಲೆನಾಡಿನವರಿಗೆ ಉಣ್ಣೆಯ ವಿಷಯ ಹೇಳಬೇಕಾಗಿಲ್ಲ. 1957ರಲ್ಲಿ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಹೊತ್ತಿಗೆ ಬರುತ್ತದೆ. ಕಾಡಿಗೆ ಮೇಯಲು ಹೋಗಿ ಬಂದ ದನದ ಮೈಯಿಂದ ಉಣ್ಣೆ ಕೀಳುವ ಕೆಲಸವನ್ನು ಮಕ್ಕಳಿಗೆ ಕೊಡಬೇಡಿ.

"ಹೆಣ್ಣು ಹುಡುಗಿ, ಎತ್ತು ಹೋರಿ ಹಿಡೀತಾಳಾ?" ಅಂತ ಕೇಳುವವರು ಊರಿನ ಕಟ್ಟೆಯಲ್ಲಿ ಮಾತ್ರ ಅಲ್ಲ, ನಮ್ಮ ಸಂಘದ ಒಳಗೂ ಇದ್ದಾರೆ. ಐರ್ಲೆಂಡಿನ ಐಲೀನ್ ಕಸ್ಟ್ ಅನ್ನುವ ಹೆಣ್ಣು ಮಗಳು 1900ರಲ್ಲೇ ಪಶುವೈದ್ಯದ ಓದು ಮುಗಿಸಿದರು. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಅವರನ್ನು ವೃತ್ತಿಗೆ ಸೇರಿಸಿಕೊಳ್ಳಲಿಲ್ಲ. ಆದರೂ ಹಳ್ಳಿಯಲ್ಲಿ ಕುದುರೆ, ದನಗಳಿಗೆ ಚಿಕಿತ್ಸೆ ಮಾಡುತ್ತಲೇ ಇದ್ದರು. ಸರ್ಟಿಫಿಕೇಟ್ ಕೈಗೆ ಬಂದದ್ದು 1922ರಲ್ಲಿ, ಇಪ್ಪತ್ತೆರಡು ವರ್ಷ ಆದ ಮೇಲೆ. ಅಷ್ಟು ದೂರ ಯಾಕೆ, ನಮ್ಮ ದೇಶದ ಹಾಲು ಸಂಘಗಳ ದೊಡ್ಡ ಸಂಸ್ಥೆ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಗೆ 1998ರಿಂದ 2014ರ ತನಕ ಅಧ್ಯಕ್ಷೆಯಾಗಿದ್ದ ಅಮೃತಾ ಪಟೇಲ್ ಅವರು ಪಶುವೈದ್ಯ ಪದವೀಧರೆ. ನೀವು ಡೈರಿಗೆ ಹಾಕುವ ಹಾಲಿನ ಹಿಂದೆ ಅಂಥ ಹೆಂಗಸರ ಕೆಲಸವೂ ಇದೆ. ಹೋರಿಯನ್ನು ಬಲದಿಂದ ಯಾರೂ ಹಿಡಿಯುವುದಿಲ್ಲ, ಗಂಡಸರೂ ಹಿಡಿಯುವುದಿಲ್ಲ. ಹಗ್ಗ, ಮೂಗುದಾರ, ಮರದ ಚೌಕಟ್ಟು ಇವುಗಳಿಂದ ಹಿಡಿಯುತ್ತಾರೆ. ಎಲ್ಲಿ ನಿಂತರೆ ಒದೆಯುವುದಿಲ್ಲ ಅನ್ನುವುದು ಬಲದ ಮಾತಲ್ಲ, ಅಭ್ಯಾಸದ ಮಾತು. ಆ ಅಭ್ಯಾಸ ನಿಮಗಿದೆ.

ಸಂಘಗಳಿಗೆ ನಮ್ಮ ಒಂದು ಕೋರಿಕೆ. ಇನ್ನು ಮುಂದೆ ಈ ಓದಿಗಾಗಿ ಕೋಚಿಂಗ್ ಸಾಲದ ಅರ್ಜಿ ಬಂದಾಗ ಬೇಡ ಅನ್ನಬೇಡಿ. ಆದರೆ ಮಂಜೂರು ಮಾಡುವ ಮೊದಲು ಹುಡುಗಿಯನ್ನು ಸಭೆಗೆ ಕರೆಯಿರಿ. ಅವಳ ಆ ಗೆರೆ ಎಳೆದ ನೋಟ್ ಪುಸ್ತಕ ತೋರಿಸಲು ಹೇಳಿ. ಒಂದು ಈಯುವಿಕೆಯನ್ನು ಪೂರ್ತಿ ನೋಡಿದ್ದಾಳಾ ಕೇಳಿ. ನೋಡಿಲ್ಲ ಅಂದರೆ ಯಾರ ಮನೆ ಹಸು ಈ ತಿಂಗಳು ಈಯುತ್ತದೆ ಅಂತ ಅಲ್ಲೇ ತೀರ್ಮಾನ ಮಾಡಿ ಕಳಿಸಿ. ಈ ಮಾತಿಗೆ ನಮ್ಮ ತಂಡದಲ್ಲೇ ಒಬ್ಬರು ಆಕ್ಷೇಪ ಎತ್ತಿದರು, ಇದು ಮಗುವಿಗೆ ಇನ್ನೊಂದು ಪರೀಕ್ಷೆ ಆಗುವುದಿಲ್ಲವೇ ಅಂತ. ಯೋಚಿಸಬೇಕಾದ ಮಾತು. ಪಾಸು ಫೇಲು ಮಾಡುವುದಕ್ಕಲ್ಲ, ಸಾಲ ತಡೆಯುವುದಕ್ಕೂ ಅಲ್ಲ. ಅವಳಿಗೇ ತನ್ನ ಮನಸ್ಸು ಗೊತ್ತಾಗಲಿ ಅಂತ ಅಷ್ಟೇ.

ಬೆಳಿಗ್ಗೆ ಚಹಾದ ಹೊತ್ತಿಗೆ ಒಬ್ಬ ತಾಯಿ ಕೇಳಿದರು: "ಸಿಸ್ಟರ್, ಇಷ್ಟೆಲ್ಲಾ ಮಾಡಿ ಸೀಟ್ ಸಿಗದೇ ಹೋದ್ರೆ?" ಸೀಟು ಕಡಿಮೆ, ಕೇಳುವವರು ಜಾಸ್ತಿ, ಸಿಗದೆಯೂ ಹೋಗಬಹುದು. ಸುಳ್ಳು ಭರವಸೆ ಕೊಡುವುದಿಲ್ಲ. ಹೈನುಗಾರಿಕೆಯ, ಪಶುಸಂಗೋಪನೆಯ ಬೇರೆ ಕೋರ್ಸುಗಳಿವೆ, ಅವುಗಳ ವಿವರ ನಮ್ಮ ಕಚೇರಿಯಲ್ಲಿ ಕೇಳಿ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಎ-ಹೆಲ್ಪ್ ಯೋಜನೆಯಲ್ಲಿ ಪಶು ಸಖಿಯರಿಗೆ ಹೆಚ್ಚಿನ ತರಬೇತಿ ಕೊಟ್ಟು ಪಶುವೈದ್ಯರಿಗೂ ರೈತರಿಗೂ ನಡುವೆ ಕೆಲಸ ಮಾಡಿಸುತ್ತಾರೆ. ಅದು ಮಗಳಿಗಿಂತ ನಿಮ್ಮಲ್ಲೇ ಕೆಲವರಿಗೆ ಸರಿ ಹೊಂದಬಹುದು. ಮೊದಲು ಹೇಳಿದೆವಲ್ಲ, ಪರೀಕ್ಷೆಯಿಂದ ಅಳುತ್ತಾ ಬಂದ ಹುಡುಗಿ, ಅವಳಿಗೆ ಆ ವರ್ಷ ಸೀಟು ಸಿಗಲಿಲ್ಲ. ಈಗ ಮತ್ತೆ ಓದುತ್ತಿದ್ದಾಳೆ. ಸಾಲದಲ್ಲಿ ಆರು ಕಂತು ತೀರಿದೆ. ಬೆಳಗಿನ ಹಾಲು ಅವಳೇ ಕರೆಯುತ್ತಾಳೆ. ಮೊದಲ ವಾರ ಹಸು ಹಾಲು ಬಿಡಲಿಲ್ಲವಂತೆ, ಈಗ ಬಿಡುತ್ತದಂತೆ.

ಮುಂದಿನ ತಿಂಗಳ ಎರಡನೇ ಭಾನುವಾರ ಇದೇ ಸಭಾಂಗಣದಲ್ಲಿ ಬೆಳಿಗ್ಗೆ ಹತ್ತೂವರೆಗೆ ಮಕ್ಕಳು ಸೇರಲಿ. ಒಬ್ಬರು ಪಶುವೈದ್ಯರನ್ನು ಕರೆದಿದ್ದೇವೆ. ಪ್ರತಿ ಮಗುವೂ ತಮ್ಮ ಊರಿನಲ್ಲಿ ಬೆಳೆಯುವ ಮೂರು ಬಗೆಯ ಮೇವು, ಒಂದು ಹಿಡಿ ದನದ ಆಹಾರ, ಒಂದು ಹಗ್ಗ ತರಬೇಕು. ಗಂಟು ಹಾಕುವುದನ್ನು ನಮ್ಮ ಸಂಘದ ಹಿರಿಯ ಸದಸ್ಯೆಯರೇ ಹೇಳಿಕೊಡುತ್ತಾರೆ. ಅವರ ಬಸ್ ಚಾರ್ಜನ್ನು ಒಕ್ಕೂಟ ಕೊಡುತ್ತದೆ. ನೋಟ್ ಪುಸ್ತಕ ಮರೆಯಬೇಡಿ.